ಎರಡನೇ ನಂಬರಿಗೆ ಏಳು ಅಂಕ

ಹೆಬ್ಬಾತು ಒಲೆಗೆ ಹೋಗುವ ಮುಂಚೆಯೇ ಜಗಳ ಹತ್ತಿಕೊಂಡಿತ್ತು.

"ನನ್ನ ಕಡೆ ಹಾಗೆ ನೋಡಬೇಡ, ವೆಂದುಲಾ," ಎಂದ ರಾದಿಮ್, ಹೆಬ್ಬಾತಿನ ಹೊಟ್ಟೆಗೆ ಸೇಬಿನ ಹೋಳು ತುರುಕುತ್ತಾ. "ನಾನು ಬರೀ ಮೂಟೆ ಕಟ್ಟಿ ಕಳಿಸೋನು. ಮೂಟೇಲಿ ಏನಿರಬೇಕು ಅನ್ನೋದು ನಿಮ್ಮ ನಿಮ್ಮ ಜಗಳ."

ಮೂಟೆ ಎಂದರೆ ಸ್ಲಿವ್ಕಾ. ಚೆಕ್ ನಾಡಿನ ಬ್ರ್ನೋ ನಗರದ ಸುತ್ತಮುತ್ತ ಇರುವ ಬೆರಳೆಣಿಕೆಯ ಜನ ಸೇರಿ, ಯಾರಿಂದಲೂ ಸಂಬಳ ಪಡೆಯದೆ, ಕಟ್ಟುತ್ತಾ ಬಂದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಹಳೆಯ ಕಂಪ್ಯೂಟರುಗಳ ಮೇಲೆ ಗೊಣಗದೆ ಓಡುತ್ತದೆ ಎಂಬ ಒಂದೇ ಕಾರಣಕ್ಕೆ ಶಾಲೆಗಳು, ಹಳ್ಳಿಯ ಗ್ರಂಥಾಲಯಗಳು, ಒಂದೆರಡು ಊರಿನ ಪಂಚಾಯತಿ ಕಚೇರಿಗಳು ಅದನ್ನು ಹಾಕಿಕೊಂಡಿದ್ದವು. ಪ್ರತಿ ವರ್ಷ ನವೆಂಬರಿನ ಸಂತ ಮಾರ್ಟಿನ್ ಹಬ್ಬದ ದಿನ, ಹೊಸ ವೈನಿನ ಮೊದಲ ಬಾಟಲಿ ತೆರೆಯುವ ಹೊತ್ತಿಗೆ, ಇವರೆಲ್ಲ ರಾದಿಮನ ಮಾವ ಅಲೋಯಿಸರ ವೈನ್ ನೆಲಮಾಳಿಗೆಯಲ್ಲಿ ಸೇರುತ್ತಿದ್ದರು. ಬರುವ ವಸಂತದ ಸ್ಲಿವ್ಕಾದಲ್ಲಿ ಹಾಡಿನ ಮೇಲೆ ಕ್ಲಿಕ್ ಮಾಡಿದರೆ ಯಾವ ಆ್ಯಪ್ ತಾನಾಗಿ ತೆರೆದುಕೊಳ್ಳಬೇಕು, ಪತ್ರಕ್ಕೆ ಯಾವುದು, ಫೋಟೋಗೆ ಯಾವುದು, ಎಂದು ತೀರ್ಮಾನವಾಗುತ್ತಿದ್ದುದು ಅಲ್ಲಿಯೇ. ಡಿಫಾಲ್ಟ್ ಎಂದು ಅದನ್ನು ಕರೆಯುತ್ತಿದ್ದರು. ಹೊರಗಿನವರಿಗೆ ಅದೊಂದು ಸಣ್ಣ ವಿಷಯ. ಇವರ ನಡುವೆ ಅದರಿಂದ ಎರಡು ಸ್ನೇಹ ಮುರಿದಿದ್ದವು, ಒಂದು ಮದುವೆ ಆಗಿತ್ತು.

ಈ ಸಲದ ಜಗಳ ಫೋಟೋ ನೋಡುವ ಆ್ಯಪ್‌ನದು. ಹನ್ನೆರಡು ವರ್ಷಗಳಿಂದ ಆ ಜಾಗದಲ್ಲಿ ಕೂತಿದ್ದದ್ದು ಕುಕಾಟ್ಕೊ. ಅದನ್ನು ಬರೆದವಳು ವೆಂದುಲಾ. ಹಾಸ್ಟೆಲಿನಲ್ಲಿದ್ದಾಗ ಶುರು ಮಾಡಿದ್ದು, ಈಗ ಟ್ರಾಮ್ ಡಿಪೋದಲ್ಲಿ ದಿನವಿಡೀ ಟ್ರಾಮುಗಳ ವೇಳೆ ಹೊಂದಿಸಿ ಮನೆಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಎದುರಿಗೆ ನಿಂತದ್ದು ಲೂಪಾ. ಅದರ ಒಡೆಯ ಮಾತೌಶ್, ಹೋದ ವರ್ಷವಷ್ಟೇ ಬಳಗ ಸೇರಿದ ಇಪ್ಪತ್ತೆರಡರ ಹುಡುಗ. ಉದ್ದ ಕೈಕಾಲು, ವಿಪರೀತ ವಿನಯ.

"ನಿಮ್ಮ ಕುಕಾಟ್ಕೊ ಬಗ್ಗೆ ನನಗೆ ಬಹಳ ಗೌರವ ಇದೆ," ಎಂದ ಅವನು.

"ನೀನು ಅನ್ನೋ ಮಾರಾಯ. ನೀವು ಅಂದ್ರೆ ನನ್ನನ್ನ ಹೂಳೋಕೆ ಬಂದ ಪಾದ್ರಿ ಥರ ಕೇಳಿಸುತ್ತೆ."

"ಸರಿ. ನಿನ್ನ ಕುಕಾಟ್ಕೊ ಬಗ್ಗೆ ನನಗೆ ಗೌರವ ಇದೆ."

"ಇನ್ನೂ ಹೂಳ್ತಾನೇ ಇದೀಯ."

ಬ್ಲಾಂಕಾ ನಕ್ಕಳು. ಸ್ಲಿವ್ಕಾದ ಪರದೆಯ ಮೇಲೆ ಕಾಣುವ ಪ್ರತಿ ಮಾತನ್ನೂ ತಿದ್ದಿ ಅಚ್ಚುಕಟ್ಟಾದ ಚೆಕ್ ಭಾಷೆಗೆ ತರುತ್ತಿದ್ದವಳು ಅವಳು. ಅವಳ ಪಕ್ಕದಲ್ಲಿ ಕೆಂಪು ಎಲೆಕೋಸು ಹೆಚ್ಚುತ್ತಿದ್ದ ಹಿನೆಕ್ ನಗಲಿಲ್ಲ. ಅವನಿಗೆ ಈ ಜಗಳದ ರುಚಿ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಅವನ ಹಾಡು ಕೇಳಿಸುವ ಆ್ಯಪ್ ಇದೇ ನೆಲಮಾಳಿಗೆಯಲ್ಲಿ ಡಿಫಾಲ್ಟ್ ಸ್ಥಾನ ಕಳೆದುಕೊಂಡಿತ್ತು. ಯಾರೂ ಅದನ್ನು ತೆಗೆದು ಎಸೆಯಲಿಲ್ಲ. ಬೇಕಾದವರು ಇಳಿಸಿಕೊಳ್ಳಬಹುದು ಎಂದರು. ಯಾರಿಗೂ ಬೇಕಾಗಲಿಲ್ಲ. "ಮೊದಲು ಹೊಗಳೋರು ನಿಂತ್ರು," ಎಂದು ಹಿನೆಕ್ ಆಗಾಗ ಹೇಳುತ್ತಿದ್ದ. "ಅದು ತೊಂದರೆ ಇಲ್ಲ. ಆಮೇಲೆ ಬೈಯೋರೂ ನಿಂತ್ರು. ಆಗ ಗೊತ್ತಾಯ್ತು."

ವೆಂದುಲಾಳಿಗೆ ಹೆದರಿಕೆ ಇದ್ದದ್ದು ಆ ನಿಶ್ಶಬ್ದದ್ದೇ. ಕುಕಾಟ್ಕೊ ಹೊರಬಿದ್ದರೆ ಅದನ್ನು ಹುಡುಕಿಕೊಂಡು ಬರುವವರು ಯಾರು? ಬೆಳಿಗ್ಗೆ ಬಸ್ಸು ಹತ್ತುವಾಗ ಅವಳ ಚಿಕ್ಕಮ್ಮ ಓತಿಲಿಯೆ ಫೋನ್ ಮಾಡಿದ್ದಳು. ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ ಗ್ರಂಥಾಲಯ ನಡೆಸುವ ಚಿಕ್ಕಮ್ಮ, ಊರಿನ ಹಳೆಯ ಫೋಟೋಗಳನ್ನೆಲ್ಲ ಸ್ಲಿವ್ಕಾ ಹಾಕಿದ ಕಂಪ್ಯೂಟರಿನಲ್ಲಿ ಕೂಡಿಡುತ್ತಿದ್ದಳು. "ವೆಂದುಲ್ಕಾ, ನೀವೆಲ್ಲ ಕುಡಿದು ಏನು ಬೇಕಾದ್ರೂ ಮಾಡ್ಕೊಳ್ಳಿ. ನನ್ನ ಯಂತ್ರದ ಮೇಲೆ ಮಾತ್ರ ಕೈ ಹಾಕಬೇಡಿ," ಎಂದಿದ್ದಳು. ವೆಂದುಲಾ ಮಾತು ಕೊಟ್ಟಿದ್ದಳು.

"ನಿಮಗೆ ಹೊಸದು ಅಂದ್ರೆ ಸಾಕು," ಎಂದಳು ಅವಳೀಗ. "ಮೇಲಿಂಗ್ ಲಿಸ್ಟಿನಲ್ಲಿ ಎರಡು ತಿಂಗಳಿಂದ ಅದೇ ಓದ್ತಾ ಇದೀನಿ. ಲೂಪಾ ಹಗುರ, ಲೂಪಾ ಚುರುಕು. ಒಬ್ಬರಾದ್ರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೀರಾ? ಹೆಸರು ಕೇಳಿ ಮಾರ್ಕ್ಸ್ ಕೊಡ್ತೀರ ನೀವು."

ಹಾಗೆನ್ನುತ್ತಲೇ ಅವಳ ಕಣ್ಣು ಗೋಡೆಯ ಗೂಡಿನ ಕಡೆಗೆ ಹೋಯಿತು. ಅಲ್ಲಿ ಹತ್ತಾರು ಬಾಟಲಿಗಳು ಕುತ್ತಿಗೆಯವರೆಗೆ ಉಣ್ಣೆಯ ಕಾಲುಚೀಲ ಏರಿಸಿಕೊಂಡು ನಿಂತಿದ್ದವು. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಒಂದು ನಂಬರು. ಊರಿನವರು ತಂತಮ್ಮ ವೈನು ತಂದು, ಯಾರದ್ದೆಂದು ತಿಳಿಯದಂತೆ ಮುಚ್ಚಿಟ್ಟು, ಸವಿದು ಅಂಕ ಹಾಕುವ ಕೋಶ್ತ್‌ಗೆಂದು ಅಲೋಯಿಸ್ ತಾತ ಕಾದಿಟ್ಟ ಚೀಲಗಳು.

"ಅಲೋಯಿಸ್ ತಾತ," ಎಂದಳು ವೆಂದುಲಾ. "ನಿಮ್ಮ ಕೋಶ್ತಿನಲ್ಲಿ ಎಷ್ಟಕ್ಕೆ ಎಷ್ಟು?"

"ಇಪ್ಪತ್ತಕ್ಕೆ," ಎಂದರು ತಾತ, ಮೆಟ್ಟಿಲ ಮೇಲೆ ಕೂತಲ್ಲಿಂದಲೇ. "ಇಪ್ಪತ್ತು ಇವತ್ತಿನವರೆಗೂ ಯಾರಿಗೂ ಕೊಟ್ಟಿಲ್ಲ. ದೇವರು ಬಂದು ಸುರಿದ್ರೂ ಹತ್ತೊಂಬತ್ತೇ."

"ಹಾಗಾದ್ರೆ ನಾವೂ ಹಾಗೇ ಮಾಡೋಣ. ಹೆಸರು ತೆಗೀರಿ. ಕಾಲುಚೀಲ ಹಾಕಿ."

ಮಾತೌಶನ ಮುಖ ಕೆಂಪಾಯಿತು; ಅದು ಅಂಜಿಕೆಯೋ ಖುಷಿಯೋ ಹೇಳುವಂತಿರಲಿಲ್ಲ. ರಾದಿಮ್ ಕೈ ತೊಳೆದುಕೊಂಡು, ಹೆಬ್ಬಾತಿನ ತಟ್ಟೆಯನ್ನೂ ಲ್ಯಾಪ್‌ಟಾಪುಗಳ ಚೀಲವನ್ನೂ ಎತ್ತಿಕೊಂಡು ಒಲೆಯಿದ್ದ ಮೇಲಿನ ಕೋಣೆಗೆ ಹೋದ.

ಅವನು ಇಳಿದು ಬರುವಷ್ಟರಲ್ಲಿ ಹುರಿಯುವ ಕೊಬ್ಬಿನ ವಾಸನೆ ನೆಲಮಾಳಿಗೆಯ ಕಲ್ಲುಕಮಾನಿನ ತನಕ ಇಳಿದಿತ್ತು. ಮೂರು ಪೀಪಾಯಿಗಳ ಮೇಲೆ ಮೂರು ಲ್ಯಾಪ್‌ಟಾಪು ಇಟ್ಟ. ಮೂರರಲ್ಲೂ ಈಗಷ್ಟೇ ಹಾಕಿದ, ಯಾರ ಕೈಯೂ ತಾಗದ ಸ್ಲಿವ್ಕಾ. ಆ್ಯಪ್‌ಗಳ ಹೆಸರು ಅಳಿಸಿದ್ದ, ಚಿತ್ರ ಕಿತ್ತು ನಂಬರು ಹಾಕಿದ್ದ, ಬಣ್ಣವನ್ನೆಲ್ಲ ಒಂದೇ ಬೂದಿಬಣ್ಣಕ್ಕೆ ತಿರುಗಿಸಿದ್ದ. ಕುಕಾಟ್ಕೊ, ಲೂಪಾ, ಜೊತೆಗೆ ಲೆಕ್ಕ ತುಂಬಲೆಂದು ಹೊರದೇಶದ ಯಾರೋ ಬರೆದ ಮೂರನೆಯದೊಂದು. ಯಾವ ನಂಬರು ಯಾವುದೆಂದು ಬಲ್ಲವನು ಅವನೊಬ್ಬನೇ. ಆದ್ದರಿಂದ ಅವನಿಗೆ ಅಂಕ ಹಾಕುವ ಹಕ್ಕಿಲ್ಲ. ಮೂರರಲ್ಲೂ ಅವೇ ಫೋಟೋಗಳು: ಅಲೋಯಿಸ್ ತಾತನ ಮೊಮ್ಮಗಳ ಮದುವೆ, ಹೆಬ್ಬಾತುಗಳ ಹಿಂಡು, ತಲೆಕೆಳಗಾಗಿ ನಿಂತ ಒಂದು ಟ್ರ್ಯಾಕ್ಟರ್. ಫೋಟೋ ತೆರೆಯಬೇಕು, ಮುಂದಿನದಕ್ಕೆ ಹೋಗಬೇಕು, ಟ್ರ್ಯಾಕ್ಟರನ್ನು ನೆಟ್ಟಗೆ ನಿಲ್ಲಿಸಬೇಕು.

"ಉಗುಳೋಕೆ ಬಕೆಟ್ ಬೇಕಾ?" ಎಂದರು ತಾತ, ವೈನು ಸವಿಯುವವರು ಬಾಯಲ್ಲಾಡಿಸಿ ಉಗುಳುವ ಬಕೆಟನ್ನು ಕಾಲಿನಿಂದ ಮುಂದೆ ತಳ್ಳುತ್ತಾ.

ಒಂದನೇ ನಂಬರು ವೆಂದುಲಾಳಿಗೆ ಇಷ್ಟವಾಗಲಿಲ್ಲ, ಬೇಸರವೂ ಆಗಲಿಲ್ಲ. ಫೋಟೋ ಬಂತು, ತಿರುಗಿತು, ಹೋಯಿತು. ಹದಿನಾಲ್ಕು.

ಎರಡನೆಯದರಲ್ಲಿ ಅವಳು ವಧುವಿನ ಫೋಟೋ ಒತ್ತಿದಳು. ವಧು ಬರಲಿಲ್ಲ. ಅವಳ ಬದಲು ಒಂದು ಪೆಟ್ಟಿಗೆ ಎದ್ದು ನಿಂತು ಕೇಳಿತು: ನಿಮ್ಮ ಎಲ್ಲ ಚಿತ್ರಗಳ ಸೂಚಿಯನ್ನು ಈಗಲೇ ಕಟ್ಟಲೇ? ಕೆಳಗೆ ಎರಡು ಗುಂಡಿ: ಹೌದು, ಆಮೇಲೆ.

"ಅಯ್ಯೋ, ಇದ್ಯಾವನಪ್ಪಾ!" ಎಂದು ಅವಳು ಗಟ್ಟಿಯಾಗಿಯೇ ನಕ್ಕಳು. "ಮದುವೆಗೆ ಬಂದೋರನ್ನ ಬಾಗಿಲಲ್ಲೇ ನಿಲ್ಲಿಸಿ ಗುರುತಿನ ಚೀಟಿ ಕೇಳೋ ಆಸಾಮಿ."

ಬ್ಲಾಂಕಾ ತನ್ನ ಲೋಟದೊಳಗೇ ಕಿಸಕ್ಕೆಂದಳು. ವೆಂದುಲಾ 'ಆಮೇಲೆ' ಒತ್ತಿದಳು. ಈಗ ವಧು ಬಂದಳು, ಆದರೆ ಪೂರ್ತಿ ಬರಲಿಲ್ಲ. ಕೆಳಗೆ ಸಾಲಾಗಿ ಹರಡಿದ ಪುಟಾಣಿ ಚಿತ್ರಗಳ ಪಟ್ಟಿ ಅವಳ ಕಾಲನ್ನು ನುಂಗಿತ್ತು. ಬಲಕ್ಕೆ ಒಂದು ಫಲಕ ತೆರೆದು ಕ್ಯಾಮೆರಾ ಯಾವುದು, ಬೆಳಕು ಎಷ್ಟು ಎಂದು ವರದಿ ಒಪ್ಪಿಸುತ್ತಿತ್ತು. ವರ ಆ ಫಲಕದ ಹಿಂದೆ ಎಲ್ಲೋ ಇದ್ದ.

"ಗಂಡನ್ನೇ ಮಾಯ ಮಾಡಿದೆ," ಎಂದಳು ವೆಂದುಲಾ. "ರಾದಿಮ್, ಇದನ್ನ ಬರೆದವನಿಗೆ ಯಾರಾದ್ರೂ ಒಂದು ಲೋಟ ನೀರು ಕೊಟ್ಟು ಮಲಗಿಸಿ."

ರಾದಿಮ್ ಕೆಮ್ಮಿದ. ಹೆಬ್ಬಾತು ಸುಟ್ಟುಹೋಗುತ್ತಿರಬಹುದು ಎಂದು ಗೊಣಗಿ ಮೆಟ್ಟಿಲು ಹತ್ತಿದ. ವೆಂದುಲಾ ಟ್ರ್ಯಾಕ್ಟರ್ ತಿರುಗಿಸಿದಳು. ತಿರುಗಿಸುವುದು ಮಾತ್ರ ಚೆನ್ನಾಗಿತ್ತು, ಮೆತ್ತಗೆ, ಒಂದಿಷ್ಟೂ ತಡವರಿಸದೆ. ಅದಕ್ಕೊಂದು ಅಂಕ ಎಂದುಕೊಂಡು ಏಳು ಬರೆದಳು.

ಮೂರನೆಯದನ್ನು ತೆರೆದ ಕ್ಷಣ ಅವಳಿಗೆ ಮನೆಗೆ ಬಂದಂತಾಯಿತು. ಅಂಚಿನಿಂದ ಅಂಚಿಗೆ ಒಂದೇ ಬೂದಿ, ನಡುವೆ ವಧು, ಬೇರೆ ಏನೂ ಇಲ್ಲ. ಪಟ್ಟಿಯಿಲ್ಲ, ಗುಂಡಿಯಿಲ್ಲ. ತನ್ನ ಮನೆಯ ಕಂಪ್ಯೂಟರಿನಲ್ಲಿ ದಿನಾ ನೋಡುವ ಕುಕಾಟ್ಕೊ! ಕೀಲಿಮಣೆಯ ಮೇಲೆ ಅವಳ ಬೆರಳು ತಾನಾಗಿ ಓಡಿತು, ಟ್ರ್ಯಾಕ್ಟರ್ ನೆಟ್ಟಗೆ ನಿಂತಿತು. ರಾದಿಮ್ ಬೂದಿ ಬಳಿದರೇನು, ಹೆತ್ತವಳಿಗೆ ಗೊತ್ತಾಗುವುದಿಲ್ಲವೇ? ಗುರುತು ಹಿಡಿದದ್ದನ್ನು ಹೇಳಿಬಿಡಬೇಕಿತ್ತು. ಅವಳು ಹೇಳಲಿಲ್ಲ. ದೇವರಿಗೆ ಕೊಡುವಷ್ಟು, ಹತ್ತೊಂಬತ್ತು, ಕೊಟ್ಟಳು.

ಅವಳ ನಂತರ ಹಿನೆಕ್ ಆ ಮೂರನೆಯದರ ಮುಂದೆ ನಿಂತು ಟ್ರ್ಯಾಕ್ಟರನ್ನೇ ದಿಟ್ಟಿಸುತ್ತಿದ್ದ. "ಇದನ್ನ ತಿರುಗಿಸೋದು ಎಲ್ಲಿಂದ? ನಾನೇ ತಲೆಕೆಳಗಾಗಿ ನಿಲ್ಲಬೇಕಾ?" ಎಂದು ಕೇಳಿದ. ಒತ್ತಬೇಕಾದ ಕೀಲಿ ತೋರಿಸಲು ಚಾಚಿದ ಕೈಯನ್ನು ವೆಂದುಲಾ ಹಿಂದೆಳೆದುಕೊಂಡಳು.

ಅಲೋಯಿಸ್ ತಾತ ನಾಲ್ವರ ಅಂಕಗಳನ್ನೂ ಪೀಪಾಯಿಯ ತಳದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕೂಡಿದರು. ಒಂದನೇ ನಂಬರಿಗೆ ಐವತ್ತೆಂಟು. ಎರಡಕ್ಕೆ ಐವತ್ತೈದು. ಮೂರನೆಯದು ಐವತ್ತೊಂದಕ್ಕೆ ಕುಸಿದಿತ್ತು. ವೆಂದುಲಾಳ ಹತ್ತೊಂಬತ್ತು ಬಿಟ್ಟರೆ ಬಾಕಿಯವರು ಅದರ ಮೇಲೆ ಉಗಿದೇಬಿಟ್ಟಿದ್ದರು.

ಸೋತೆ, ಅದೂ ಕೊನೆಯವಳಾಗಿ. ಇವರ ಕಣ್ಣಿಗೇನು ಬಂದಿದೆ?

ರಾದಿಮ್ ಮೆಟ್ಟಿಲಿಳಿದು ಬಂದು ಪೀಪಾಯಿಗೆ ಒರಗಿ ನಿಂತ. ಅವನ ಕೈಯಲ್ಲಿ ಇನ್ನೂ ಒಲೆಯ ಬಟ್ಟೆ ಇತ್ತು.

"ಒಂದು, ಲೂಪಾ," ಎಂದ.

ಮಾತೌಶ್ ಕಣ್ಣು ಮುಚ್ಚಿ ತೆರೆದ.

"ಮೂರು, ಆ ಹೊರಗಿನದು."

ವೆಂದುಲಾಳಿಗೆ ಲೆಕ್ಕ ತಲೆಗೆ ಹತ್ತಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಆಮೇಲೆ ಅವಳು ಸೀಮೆಸುಣ್ಣದ ಎರಡನೇ ಸಾಲು ನೋಡಿದಳು. ಬ್ಲಾಂಕಾ ಹದಿನಾರು. ಹಿನೆಕ್ ಹದಿನೈದು. ಮಾತೌಶ್ ಹದಿನೇಳು. ಅವರ ಕೊನೆಗೆ, ತನ್ನದೇ ಕೈಯ ಏಳು. ಹನ್ನೊಂದು ಕೊಟ್ಟಿದ್ದರೂ ಕುಕಾಟ್ಕೊ ಗೆಲ್ಲುತ್ತಿತ್ತು.

ಮೊದಲು ನಕ್ಕದ್ದು ಅಲೋಯಿಸ್ ತಾತ. ಆ ನಗು ಮೊಣಕಾಲಿನಿಂದ ಹೊರಟು, ಹೊಟ್ಟೆ ಹಾದು, ಕಣ್ಣಲ್ಲಿ ನೀರಾಗಿ ಇಳಿಯಿತು.

"ಆ ಪೆಟ್ಟಿಗೆ!" ಎಂದಳು ವೆಂದುಲಾ. "ಸೂಚಿ ಕಟ್ಟಲೇ ಅಂತ ಕೇಳೋದು! ಅದನ್ನ ನನ್ನ ಕುಕಾಟ್ಕೊಗೆ ತುರುಕಿದ್ಯಾರು?"

"ನೀನೇ, ಮಾರಾಯ್ತಿ," ಎಂದಳು ಬ್ಲಾಂಕಾ. "ಆರು ವರ್ಷ ಆಯ್ತು. 'ಸೂಚಿ' ಅನ್ನೋ ಮಾತು ಸಾಕಾ, 'ಅನುಕ್ರಮಣಿಕೆ' ಬೇಕಾ ಅಂತ ನನ್ನ ಜೊತೆ ಒಂದು ವಾರ ಜಗಳ ಆಡಿದ್ಯಲ್ಲ."

"ಮತ್ತೆ ನನಗೆ ಯಾಕೆ ಕಾಣಿಸಲೇ ಇಲ್ಲ?"

ಕೇಳುತ್ತಿದ್ದಂತೆಯೇ ಉತ್ತರ ಹೊಳೆಯಿತು. ಅದನ್ನು ಬರೆದ ದಿನವೇ ತನ್ನ ಕಂಪ್ಯೂಟರಿನಲ್ಲಿ ಆಫ್ ಮಾಡಿಬಿಟ್ಟಿದ್ದಳು. ಕೆಳಗಿನ ಪಟ್ಟಿ ಹಿನೆಕ್ ಬೇಡಿದ್ದು, ಬಲಗಡೆ ಫಲಕ ಒಬ್ಬ ಶಾಲಾ ಮಾಸ್ತರು ಬೇಡಿದ್ದು. ಎರಡನ್ನೂ ಬಲು ಒಳ್ಳೆಯ ಮನಸ್ಸಿನಿಂದ ಜಗತ್ತಿಗೆಲ್ಲ ಹಾಕಿಕೊಟ್ಟು, ತನಗೆ ಮಾತ್ರ ಮುಚ್ಚಿಕೊಂಡಿದ್ದಳು. ಅಲ್ಲಿಂದೀಚೆಗೆ ಅವಳ ಕುಕಾಟ್ಕೊ ಒಂದು ದಾರಿ ಹಿಡಿದರೆ ಜನರ ಕುಕಾಟ್ಕೊ ಇನ್ನೊಂದು ದಾರಿ.

"ನಿಲ್ಲಿ," ಎಂದ ಹಿನೆಕ್. "ಇಲ್ಲಿರೋರಲ್ಲಿ ಸ್ಲಿವ್ಕಾನ ಹಾಕಿದ ಹಾಗೇ, ಏನೂ ಬದಲಾಯಿಸದೆ ಬಳಸೋರು ಯಾರು? ಕೈ ಎತ್ತಿ."

ಕೈ ಏಳಲಿಲ್ಲ. ಮಾತೌಶ್ ಹಾಕಿದ ಮೊದಲ ಗಂಟೆಯೊಳಗೇ ಎಲ್ಲವನ್ನೂ ಬಿಚ್ಚಿ ಜೋಡಿಸಿದ್ದ. ರಾದಿಮ್ ಕಪ್ಪು ಪರದೆಯ ಮೇಲೆ ಬರೀ ಅಕ್ಷರ ಟೈಪಿಸಿ ಬದುಕುವವನು. ಹಿನೆಕ್ ಇಂದಿಗೂ ಹಾಡು ಕೇಳುತ್ತಿದ್ದದ್ದು ತನ್ನದೇ ಹಳೆಯ ಆ್ಯಪ್‌ನಲ್ಲಿ.

"ನಾನು ಹೇಳಿದ್ರೆ ಹೊಡೀಬಾರದು," ಎಂದಳು ಬ್ಲಾಂಕಾ. "ನಾನು ಸ್ಲಿವ್ಕಾನೇ ಬಳಸಲ್ಲ. ನನ್ನ ಗಂಡ ಬೇರೆ ಏನೋ ಹಾಕಿಕೊಟ್ಟಿದಾನೆ."

ಈಗ ಎಲ್ಲರೂ ನಕ್ಕರು, ವೆಂದುಲಾಳೂ. ನಗುವಿನ ನಡುವೆ ಮಾತೌಶ್ ಅವಳ ಹತ್ತಿರ ಬಂದ.

"ಆ ಪೆಟ್ಟಿಗೆ, ಪಟ್ಟಿ, ಫಲಕ ಮೂರನ್ನೂ ಆಫ್ ಮಾಡಿಬಿಟ್ಟು ಇನ್ನೊಂದು ಸಲ ನೋಡೋಣ," ಎಂದ ಮೆಲ್ಲಗೆ. "ಎಷ್ಟು ಹೊತ್ತಿನ ಕೆಲಸ? ನನಗೆ ಅದು ಇಷ್ಟ ಆಯ್ತು. ಟ್ರ್ಯಾಕ್ಟರ್ ತಿರುಗಿಸೋದು ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ. ಇದು ನಿನ್ನದು ಅಂತ ನನಗೆ ಗೊತ್ತೇ ಇರಲಿಲ್ಲ."

ಅವಳಿಗೆ ಆಸೆಯಾಯಿತು. ಗೆಲ್ಲುತ್ತಿತ್ತು, ಅನುಮಾನವಿಲ್ಲ. ಚಿಕ್ಕಮ್ಮನಿಗೆ ಕೊಟ್ಟ ಮಾತು ಉಳಿಯುತ್ತಿತ್ತು. ಅವಳು ಎರಡನೇ ಪೀಪಾಯಿಯ ಕಡೆ ನೋಡಿದಳು. ವಧು ಇನ್ನೂ ಕಾಲಿಲ್ಲದೆ, ವರನಿಲ್ಲದೆ ನಗುತ್ತಿದ್ದಳು. ಆರು ವರ್ಷ ಜನ ನೋಡಿದ್ದು ಈ ಮದುವೆಯನ್ನೇ.

"ಬೇಡ ಕಣೋ," ಎಂದಳು. "ನೀವು ಸವಿದದ್ದು ನಾನು ಜನರಿಗೆ ಸುರಿದದ್ದನ್ನ. ಮನೇಲಿ ಬಚ್ಚಿಟ್ಟುಕೊಂಡದ್ದಕ್ಕೆ ಅಂಕ ಇಲ್ಲ. ಈ ವಸಂತ ಲೂಪಾದು." ಆಮೇಲೆ ತಡೆಯಲಾರದೆ, "ಅದರ ತಿರುಗಿಸೋದನ್ನ ಸರಿ ಮಾಡು. ಒಲೆ ಬಾಗಿಲು ಎಳೆದ ಹಾಗಿದೆ," ಎಂದು ಸೇರಿಸಿದಳು.

ಅಲೋಯಿಸ್ ತಾತ ಗೂಡಿನಿಂದ ಕೋಶ್ತಿರ್ ಇಳಿಸಿಕೊಂಡು ಬಂದರು. ಪೀಪಾಯಿಯಿಂದ ವೈನು ಎಳೆದು ಲೋಟಕ್ಕೆ ಬಿಡುವ ಉದ್ದ ಕತ್ತಿನ ಗಾಜಿನ ಬುರುಡೆ. ಯಜಮಾನನಲ್ಲದೆ ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ. ತಾತ ಅದನ್ನು ವೆಂದುಲಾಳ ಕೈಗಿಟ್ಟರು.

"ನಮ್ಮೂರಲ್ಲಿ ತನ್ನ ವೈನಿಗೆ ತಾನೇ ಎಲ್ಲರಿಗಿಂತ ಕಡಿಮೆ ಹಾಕ್ಕೊಂಡವನಿಗೆ ಮುಂದಿನ ಕೋಶ್ತಿನ ಯಜಮಾನಿಕೆ," ಎಂದರು. "ನನ್ನ ತಮ್ಮ ಒಂದ್ಸಲ ಹಾಕ್ಕೊಂಡ. 'ಇದು ಕುದುರೆ ತೊಳೆದ ನೀರು' ಅಂದ, ಊರೆಲ್ಲ ಕೇಳೋ ಹಾಗೆ. ಅವನಷ್ಟು ನಂಬಿಕಸ್ತ ನಾಲಿಗೆ ಆಮೇಲೆ ಸಿಗಲಿಲ್ಲ. ಈಗ ಎಳಿ, ಸುರಿ. ಹೆಬ್ಬಾತು ಬಂತು."

ವೆಂದುಲಾ ಬುರುಡೆಯನ್ನು ಪೀಪಾಯಿಗಿಳಿಸಿ, ಉಸಿರೆಳೆದು, ಹೆಬ್ಬೆರಳಿನಿಂದ ತುದಿ ಮುಚ್ಚಿದಳು. ಮೊದಲ ಎರಡು ಲೋಟ ನೆಲದ ಪಾಲಾಯಿತು, ಮೂರನೆಯದು ಮಾತೌಶನ ತೋಳಿನ ಪಾಲಾಯಿತು.

"ಯಜಮಾನಿಯ ಮೊದಲ ಆಜ್ಞೆ," ಎಂದಳು ಅವಳು. "ನಾಳೆಯಿಂದ ಒಂದು ತಿಂಗಳು ಎಲ್ಲರೂ ಸ್ಲಿವ್ಕಾವನ್ನ ಹಾಕಿದ ಹಾಗೇ ಬಳಸಬೇಕು. ಒಂದು ಗುಂಡಿಯನ್ನೂ ಬದಲಾಯಿಸೋ ಹಾಗಿಲ್ಲ. ಬ್ಲಾಂಕಾ, ನಿನ್ನ ಗಂಡನಿಗೂ ಹೇಳು."

ಸೋತ ಫುಟ್‌ಬಾಲ್ ಪಂದ್ಯದ ಕೊನೆಯಲ್ಲಿ ಹೊರಡುವಂಥ ನರಳಾಟ ಎದ್ದಿತು. ಅದನ್ನು ಕೆಂಪು ಎಲೆಕೋಸಿನ ತಟ್ಟೆ ಬಂದು ಮುಚ್ಚಿತು.

ಬೆಳಿಗ್ಗೆ ದ್ರಾಕ್ಷಿತೋಟಗಳ ಮೇಲೆ ಮಂಜು ಕೂತಿತ್ತು. ನೆಲಮಾಳಿಗೆಯ ಹೊರಗಿನ ಬೆಂಚಿನ ಮೇಲೆ ಕೋಟು ಹೊದ್ದು, ತೊಡೆಯ ಮೇಲೆ ಎರಡನೇ ನಂಬರಿನ ಲ್ಯಾಪ್‌ಟಾಪ್ ಇಟ್ಟುಕೊಂಡು ವೆಂದುಲಾ ಕುಕಾಟ್ಕೊದ ಬಟ್ಟೆ ಬಿಚ್ಚುತ್ತಿದ್ದಳು. ಫಲಕ ಹೋಯಿತು, ವರ ಸಿಕ್ಕಿದ. ಪಟ್ಟಿ ಹೋಯಿತು, ವಧುವಿಗೆ ಕಾಲು ಬಂದವು. ತಿರುಗಿಸುವ ಗುಂಡಿಯನ್ನು ಮಾತ್ರ, ಹಿನೆಕನ ಟ್ರ್ಯಾಕ್ಟರನ್ನು ನೆನೆದು, ಉಳಿಸಿದಳು. ಪ್ರಶ್ನೆ ಕೇಳುವ ಪೆಟ್ಟಿಗೆಯ ಸಾಲುಗಳನ್ನು ಅಳಿಸುವುದರಲ್ಲಿದ್ದಾಗ ಫೋನ್ ಬಡಿದುಕೊಂಡಿತು.

"ಏನಾಯ್ತೇ ವೆಂದುಲ್ಕಾ?" ಚಿಕ್ಕಮ್ಮ ಓತಿಲಿಯೆ.

"ಸೋತೆ ಚಿಕ್ಕಮ್ಮ. ವಸಂತದಿಂದ ಬೇರೇದು ಬರುತ್ತೆ."

"ಯಾರು ಸೋಲಿಸಿದ್ದು?"

"ನಾನೇ."

"ಕುಡಿದಿದ್ಯಾ?"

"ಆಗ ಇನ್ನೂ ಇಲ್ಲ."

"ಆ ಬೇರೇದು ಬೆಳಿಗ್ಗೆ ಕೇಳುತ್ತಾ?"

"ಏನು ಕೇಳುತ್ತಾ?"

"ಅದೇ, ಸೂಚಿ ಕಟ್ಟಲಾ ಅಂತ. ದಿನಾ ಬೆಳಿಗ್ಗೆ ನಾನು ಫೋಟೋ ತೆರೆದ ತಕ್ಷಣ ಕೇಳುತ್ತಲ್ಲ. ನಾನು 'ಆಮೇಲೆ' ಅಂತೀನಿ. ಅಷ್ಟು ಮರ್ಯಾದೆಯಿಂದ ಕೇಳ್ತಿರುವಾಗ ಉತ್ತರ ಕೊಡದೆ ಇರೋಕಾಗುತ್ತಾ? ಇಲ್ಲಿ ಹತ್ತು ಗಂಟೆವರೆಗೆ ನನ್ನನ್ನ ಬೇರೆ ಯಾರೂ ಏನೂ ಕೇಳಲ್ಲ."

ವೆಂದುಲಾಳ ಬೆರಳು ಅಳಿಸುವ ಕೀಲಿಯ ಮೇಲೆ ನಿಂತಿತು.

"ಚಿಕ್ಕಮ್ಮ, ಹೊಸದು ಕೇಳಲ್ಲ. ಆದ್ರೆ ನಿನಗೆ ಹಳೇದೇ ಬೇಕು ಅಂದ್ರೆ ಇಟ್ಕೊಬಹುದು. ಮೊದಲು ಕುಕಾಟ್ಕೊ ಇಳಿಸ್ಕೊಬೇಕು, ಅದಕ್ಕೆ ನಾನು ಬರ್ತೀನಿ. ಆಮೇಲೆ ಫೋಟೋ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿದ್ರೆ 'ಯಾವುದರಿಂದ ತೆರೆಯಬೇಕು' ಅಂತ ಇರುತ್ತೆ, ಅಲ್ಲಿ ಆರಿಸ್ಕೊ."

"ಅಂದ್ರೆ ಇಷ್ಟು ವರ್ಷವೂ ಬೇರೇದನ್ನ ಆರಿಸ್ಕೊಬಹುದಿತ್ತಾ?"

"ಹೂಂ."

"ನೋಡು, ಯಾರೂ ಹೇಳಲೇ ಇಲ್ಲ," ಎಂದಳು ಚಿಕ್ಕಮ್ಮ. ಅವಳು ಯೋಚಿಸುವುದು ಫೋನಿನಲ್ಲೂ ಕೇಳಿಸುತ್ತಿತ್ತು. "ಸರಿ, ನಿನ್ನದನ್ನೇ ಆರಿಸ್ತೀನಿ. ಬರುವಾಗ ಹೆಬ್ಬಾತಿನ ಕೊಬ್ಬು ಒಂದು ಡಬ್ಬಿ ತಾ."

ವೆಂದುಲಾ ಫೋನ್ ಇಟ್ಟು ಪರದೆಯನ್ನು ತನ್ನ ಕಡೆ ಎಳೆದುಕೊಂಡಳು. ಹನ್ನೆರಡು ವರ್ಷ ಕುಕಾಟ್ಕೊ ಅಷ್ಟು ಪರದೆಗಳ ಮೇಲೆ ಇತ್ತು. ಇತ್ತು, ಅಷ್ಟೇ. ಬೇಕೆಂದು ಆರಿಸಿದವರು ಇವತ್ತಿನವರೆಗೆ ಒಬ್ಬರಾದರೂ ಇದ್ದರೋ ಇಲ್ಲವೋ ಅವಳಿಗೆ ತಿಳಿದಿರಲಿಲ್ಲ. ಈಗ ಒಬ್ಬಳಿದ್ದಾಳೆ.

ಅಳಿಸಲು ಹೊರಟಿದ್ದ ಸಾಲುಗಳನ್ನು ಅಳಿಸದೆ ಬಿಟ್ಟಳು. ಅವುಗಳ ಮುಂದೆ ಒಂದು ಸಣ್ಣ ಗುಂಡಿ ಕೂರಿಸಿದಳು: ಎಲ್ಲರಿಗೂ ಆರಿದ್ದು, ಬೇಕಾದವರು ಹೊತ್ತಿಸಿಕೊಳ್ಳುವಂಥದ್ದು. ಅದರ ಪಕ್ಕದಲ್ಲಿ ಏನು ಬರೆಯಬೇಕೆಂದು ಯೋಚಿಸಿ, 'ಬೆಳಿಗ್ಗೆ ಮಾತಾಡಿಸು' ಎಂದು ಬರೆದಳು. ಬ್ಲಾಂಕಾ ಇದರ ಮೇಲೆ ಒಂದು ವಾರ ಜಗಳ ಆಡುತ್ತಾಳೆ. ಆಡಲಿ.

ಒಳಗೆ ಮಾತೌಶ್ ಎದ್ದಿದ್ದ. ರಾತ್ರಿ ಮಲಗುವ ಮುಂಚೆ, ಆಜ್ಞೆಯಂತೆ, ತನ್ನ ಲ್ಯಾಪ್‌ಟಾಪನ್ನು ಖಾಲಿ ಮಾಡಿ, ಕುಕಾಟ್ಕೊ ಇನ್ನೂ ಡಿಫಾಲ್ಟ್ ಆಗಿರುವ ಈಗಿನ ಸ್ಲಿವ್ಕಾವನ್ನು ಹಾಗೇ ಹಾಕಿಕೊಂಡಿದ್ದ. ಈಗ ನಿನ್ನೆಯ ಫೋಟೋಗಳನ್ನು ತೆರೆಯುತ್ತಿದ್ದ ಎಂದು ಕಾಣುತ್ತದೆ.

"ವೆಂದುಲಾ!" ಎಂಬ ಅವನ ಕೂಗು ಕಲ್ಲುಕಮಾನು ದಾಟಿ ಹೊರಗೆ ಬಂತು. "ಇದು ನನ್ನನ್ನ ಏನೋ ಕೇಳ್ತಾ ಇದೆ!"

"ಸುಮ್ನೆ ಕೂರಬೇಡ!" ಎಂದು ಅವಳೂ ಕೂಗಿದಳು. "ಮರ್ಯಾದೆಯಿಂದ ಉತ್ತರ ಕೊಡು!"